ಉಂಬೋದು

ನನ್ನ ಹೆಸರು ಗಂಗಾಧರ. ಕೊಟ್ಟೂರಿನಲ್ಲಿ ಪಾತ್ರೆ ಅಂಗಡಿ. ಈ ಎರಡೂ ಸೇರಿ ನನ್ನ ಹೆಂಡತಿ ನಾಗಲಿಂಗಮ್ಮನ ಬಾಯಿ ಕಟ್ಟಿದ್ದವು. ಗಂಡನ ಹೆಸರು ಹೇಳಬಾರದು ಎಂಬುದು ಅವಳ ಅವ್ವ ಕಲಿಸಿದ್ದು. ಆ ಹೆಸರಿನ ಅರ್ಧ ಇರುವ ಮಾತೂ ಬೇಡ ಎಂಬುದು ಅವಳೇ ಸೇರಿಸಿಕೊಂಡದ್ದು. ಹೀಗಾಗಿ ನಮ್ಮ ಅಂಗಡಿಯಲ್ಲಿ ಅಂಚಿರುವ ಊಟದ ತಟ್ಟೆಗೆ ದಿನಕ್ಕೆ ಹತ್ತು ಸಲ ಕೇಳುವ ‘ಗಂಗಾಳ’ ಎಂಬ ಮಾತು ಮೂವತ್ತಾರು ವರ್ಷ ಅವಳ ಬಾಯಲ್ಲಿ ಬರಲಿಲ್ಲ. ‘ಉಂಬೋದು’ ಅನ್ನುತ್ತಿದ್ದಳು.

ಮದುವೆಯಾದ ಹೊಸತು. ನಾನು ಊಟಕ್ಕೆ ಹೋದಾಗ ಅವಳು ಅಂಗಡಿಯಲ್ಲಿ ಕೂತಿದ್ದಳು. ಹಗರಿಬೊಮ್ಮನಹಳ್ಳಿ ಕಡೆಯ ಹೆಂಗಸೊಬ್ಬಳು ಬಂದು, ಮಗಳ ಮದುವೆಗೆ ಗಂಗಾಳ ಬೇಕು ಎಂದಳಂತೆ. “ಉಂಬೋವು ಎಷ್ಟ್ರಿ?” ಎಂದಳಂತೆ ಇವಳು. “ಉಂಬೋರು ಇನ್ನೂರು ಮಂದಿ ಆಗ್ತಾರವ್ವ” ಎಂದಳಂತೆ ಆಕೆ. ನಾನು ಬರುವಷ್ಟರಲ್ಲಿ ನಮ್ಮ ಅಂಗಡಿಯ ಗಂಗಾಳಗಳೆಲ್ಲ ಬೀದಿಗೆ ಬಂದು ಕೂತಿದ್ದವು. ಆಕೆಗೆ ಬೇಕಾಗಿದ್ದು ಐದು.

“ತಾಟು ಅನ್ನಲೇ, ನಿಮ್ಮಪ್ಪನ ಗಂಟೇನು ಹೋಗ್ತೈತಿ?” ಎಂದು ರೇಗಿದೆ.

“ತಾಟು ಸಪಾಟ ಇರ್ತೈತ್ರಿ. ಇದಕ್ಕ ಅಂಚು ಐತಿ. ಪಾತ್ರಿ ಅಂಗಡಿಯಾಕಿ ಆಗಿ ಸುಳ್ಳು ಹೇಳ್ಲೇನು?”

ಅವಳನ್ನು ಕಾಡುವುದೇ ನನಗೊಂದು ಚಟವಾಯಿತು. ಪಾತ್ರೆಗಳ ಮೇಲೆ ಹೆಸರು ಕೊರೆಯುವ ಮಿಷನ್ ತಂದ ದಿನ, ಮೊದಲ ಗಂಗಾಳದ ಮೇಲೆ ನನ್ನ ಹೆಸರನ್ನೇ ಕೊರೆದು ಅವಳ ಮುಂದೆ ಹಿಡಿದೆ. “ಓದಲೇ ನೋಡೋಣ.” ಅವಳು ತಿರುಗಿಸಿ ಮುರುಗಿಸಿ ನೋಡಿ, “ಸ್ಟೀಲು ಚಲೋ ಐತ್ರಿ” ಎಂದು ಒಳಗೆ ಹೋದಳು. ಅಂದಿನಿಂದ ನನ್ನ ಊಟ ಅದರಲ್ಲೇ. ಅಕ್ಷರ ಈಗ ಅರ್ಧ ಸವೆದಿದೆ.

ಆ ಚೇಷ್ಟೆಯೇ ನನ್ನ ಕಣ್ಣು ಕಟ್ಟಿತು. ಹೋದ ವರ್ಷ ಯುಗಾದಿ ಆದಮೇಲೆ ಅವಳು ಕೀಲಿಗೆ ‘ಬಾಗಿಲದ್ದು’ ಎಂದಳು. ಕೊಡೆಗೆ ‘ಮಳಿದು’, ಸೌಟಿಗೆ ‘ಬಡಿಸೋದು’. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. “ಕೀಲಿನೂ ನಿನ್ನ ಗಂಡನೇನಲೇ?” ಅವಳೂ ನಕ್ಕಳು. ನಾಚಿಕೆ ಎಂದುಕೊಂಡೆ. ಅದು ಹೆದರಿಕೆ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಬೇರೆ ಯಾರ ಮನೆಯಲ್ಲಾದರೂ ವಾರದಲ್ಲೇ ಗೊತ್ತಾಗುತ್ತಿತ್ತು. ಈ ತಪ್ಪನ್ನು ನಾನು ಯಾರ ತಲೆಗೂ ಕಟ್ಟಲಾರೆ.

ಕೊನೆಗೂ ಅವಳನ್ನು ತೋರಿಸಲು ಕರೆದುಕೊಂಡು ಹೋದೆ. ಹರಪನಹಳ್ಳಿಗೆ ತಿಂಗಳಿಗೊಮ್ಮೆ ಬರುವ ಡಾಕ್ಟರು ಕ್ರಾಂತಿ ಎಂಬ ಹುಡುಗಿ, ದಾವಣಗೆರೆಯಲ್ಲಿ ತೆಗೆಸಿದ ಸ್ಕ್ಯಾನ್ ನೋಡಿ, “ಮರೆವಿನ ಕಾಯಿಲೆ ಸರ್. ಮೊದಲು ಮಾತು ಹೋಗ್ತಾವೆ, ಆಮೇಲೆ ಮಂದಿ. ಗುಳಿಗೆ ಕೊಟ್ರೆ ನಿಧಾನ ಆಗ್ತದೆ, ನಿಲ್ಲಲ್ಲ” ಎಂದಳು. ಆಮೇಲೆ ಹತ್ತು ಚಿತ್ರ ತೋರಿಸಿ ಹೆಸರು ಕೇಳಿದಳು. ಇವಳು ಆರು ಹೇಳಿದಳು. ಏಳನೆಯದು ಗಂಗಾಳ. ತಲೆ ತಗ್ಗಿಸಿ ಸೆರಗಿನ ತುದಿ ತಿರುವುತ್ತ ಕೂತಳು. ಡಾಕ್ಟರು ಸೊನ್ನೆ ಬರೆದಳು.

ನನಗೆ ಸಿಟ್ಟು ನೆತ್ತಿಗೇರಿತು. “ಅಕಿಗೆ ಗೊತ್ತೈತ್ರಿ, ಅನ್ನಂಗಿಲ್ಲ ಅಷ್ಟ. ಅದು ನನ್ನ ಹೆಸರಿಗೆ ಬರ್ತೈತಿ. ಒಂದು ಮಾರ್ಕ್ ಹಾಕ್ರಿ” ಎಂದು ಜಗಳಕ್ಕೇ ನಿಂತೆ. ಹೊರಗಿದ್ದವರು ಬಾಗಿಲಲ್ಲಿ ಇಣುಕಿದರು.

“ಅನ್ನದೇ ಇರೋದನ್ನ ಗೊತ್ತೈತೆ ಅಂತ ಹ್ಯಾಗೆ ಬರೀಲಿ ಸರ್?” ಎಂದಳು ಡಾಕ್ಟರು, ಮೆಲ್ಲಗೆ.

ಆ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು. ಇವಳು ಅನ್ನಲಿಲ್ಲವೋ, ಅನ್ನಲಾಗಲಿಲ್ಲವೋ? ಆ ದಿನ ನನಗೆ ಊಟ ಇಳಿಯಲಿಲ್ಲ.

ಮರುದಿನದಿಂದ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅವಳ ಮುಂದೆ ಪಾತ್ರೆ ಸಾಲಾಗಿಟ್ಟು ಹೆಸರು ಹೇಳಿಸತೊಡಗಿದೆ. ಚರಗಿ, ಬೋಗುಣಿ, ಕೊಡ, ಸೌಟು. ಮರೆತದ್ದನ್ನು ನಾನೇ ಹೇಳಿ ಮತ್ತೆ ಕೇಳುತ್ತಿದ್ದೆ. ಗಂಗಾಳ ಮಾತ್ರ ಇಡಲಿಲ್ಲ. ಅವಳು ‘ಉಂಬೋದು’ ಅನ್ನುವವರೆಗೆ ಆ ಮಾತಿನ ಹಿಂದೆ ನಾನು ಇದ್ದೇನೆ. ‘ಗಂಗಾಳ’ ಎಂದು ಸಲೀಸಾಗಿ ಬಂದ ದಿನ ನಾನು ಅವಳ ತಲೆಯಿಂದ ಹೋದೆ ಎಂದೇ ಅರ್ಥ. ಹುಚ್ಚು ಲೆಕ್ಕ ಅನ್ನಿ, ಆದರೆ ನನಗಿದ್ದದ್ದು ಅದೊಂದೇ. ಮಧ್ಯಾಹ್ನ “ನಿಮ್ಮ ಉಂಬೋದು ತೊಗೊಂಡು ಬರ್ರಿ” ಎಂದು ಒಳಗಿನಿಂದ ಕೂಗಿದರೆ ಒಂದು ರೊಟ್ಟಿ ಹೆಚ್ಚು ಉಣ್ಣುತ್ತಿದ್ದೆ.

ಮೂರು ತಿಂಗಳಾದ ಮೇಲೆ ಮತ್ತೆ ಹರಪನಹಳ್ಳಿ, ಮತ್ತೆ ಅವೇ ಚಿತ್ರ. ಏಳನೆಯದು ಬಂತು.

“ಗಂಗಾಳ” ಎಂದಳು ನಾಗಲಿಂಗಮ್ಮ. ತಡವರಿಸಲಿಲ್ಲ.

“ಬಹಳ ಚಲೋ ಅಮ್ಮ” ಎಂದು ಡಾಕ್ಟರು ನನ್ನ ಕಡೆ ನೋಡಿ ನಕ್ಕಳು. ನಾನೂ ನಕ್ಕಂತೆ ಮಾಡಿದೆ. ಮೂವತ್ತಾರು ವರ್ಷ ಕೇಳಬೇಕೆಂದು ಕಾಡಿ ಬೇಡಿದ ಮಾತು ಅದು. ಕಿವಿಗೆ ಬಿದ್ದಾಗ ನನ್ನ ಎದೆ ಒಡೆಯಿತು.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತೆವು. ನಾನು ಹಳಿಯ ಕಡೆಗೇ ಮುಖ ಮಾಡಿದ್ದೆ.

“ಸಿಟ್ಟು ಬಂತೇನ್ರಿ?” ಎಂದಳು.

“ಯಾಕಲೇ?”

“ಅದನ್ನ ಅಂದುಬಿಟ್ಟೆನಲ್ರಿ.” ಎರಡೂ ಗಲ್ಲ ಮೆಲ್ಲಗೆ ಬಡಿದುಕೊಂಡಳು. “ಹೋದ ಸಲ ಒಂದು ಮಾರ್ಕಿಗೆ ಆ ಹುಡುಗಿ ಕೂಡ ಅಷ್ಟು ಜಗಳ ಆಡಿದ್ರಿ. ಮನಿಗೆ ಬಂದು ಉಣ್ಲಿಲ್ಲ. ನೀವು ಉಪಾಸ ಇರೋದು ನನಗ ನೋಡಾಕ ಆಗಂಗಿಲ್ರಿ. ಅದಕ್ಕ ಒಂದ ಸಲ ಅಂದೆ. ಇನ್ನೊಮ್ಮೆ ಕೇಳಬ್ಯಾಡ್ರಿ ಮತ್ತ.”

ನಾಲ್ಕು ಮಂದಿ ಎದುರಿಗೆ ನಾನು ಎಂದೂ ಅವಳ ಕೈ ಹಿಡಿದವನಲ್ಲ. ಅಂದು ಹಿಡಿದೆ. ಬಿಡಿಸಿಕೊಳ್ಳಲು ನೋಡಿದಳು, ಬಿಡಲಿಲ್ಲ.

ಅಷ್ಟರಲ್ಲಿ ಹಳಿಯ ಕಡೆ ಸದ್ದಾಯಿತು. ಅವಳು ಎದ್ದು ನಿಂತಳು. “ಬಂತು ನೋಡ್ರಿ, ಅದು... ಅದು...” ಎಂದು ಹುಡುಕತೊಡಗಿದಳು. ಆ ಮಾತಿಗೂ ನನ್ನ ಹೆಸರಿಗೂ ಸಂಬಂಧವಿರಲಿಲ್ಲ. ಅವಳ ಮುಖದಲ್ಲಿ ಹೆದರಿಕೆ ಕಂಡಿತು, ಈ ಸಲ ನನಗೆ ಗುರುತು ಸಿಕ್ಕಿತು.

“ಓಡೋದು” ಎಂದೆ.

“ಹೂಂ, ಓಡೋದು” ಎಂದಳು ಸಮಾಧಾನದಿಂದ. ಚೀಲ ನಾನು ಎತ್ತಿಕೊಂಡೆ. ಇಬ್ಬರೂ ಹತ್ತಿದೆವು.