ಇತಿಹಾಸದ ಸೀಟು

ಹೈಸ್ಕೂಲಿನಲ್ಲಿದ್ದುಕೊಂಡೇ ವಿಶ್ವವಿದ್ಯಾಲಯದ ದೂರಶಿಕ್ಷಣದ ಒಂದು ಕೋರ್ಸು ಕಲಿಯಬಹುದು ಎಂದು ಟಿಕೋಟಾದ ಶಾಲೆಯಲ್ಲಿ ಟೀಚರ್ ಹೇಳಿದರು. ಘೋಣಸಗಿಯ ಸೌಭಾಗ್ಯಳ ಮನೆಯಲ್ಲಿ ಮೊಬೈಲ್ ಇರಲಿಲ್ಲ. ಗೆಳತಿ ಸುವರ್ಣಾಳ ಮೊಬೈಲಿನಲ್ಲೇ ಇಬ್ಬರೂ ಒಂದೇ ಕೋರ್ಸು ಕಲಿಯುವುದೆಂದಾಯಿತು.

"ಇತಿಹಾಸಕ್ಕ ಹೆಸರು ಹಚ್ಚು," ಎಂದಿದ್ದಳು ಸೌಭಾಗ್ಯ. ವಿಜಯಪುರಕ್ಕೆ ಹೋದಾಗಲೆಲ್ಲ ಬಸ್ಸಿನ ಕಿಟಕಿಯಿಂದ ಹಾಳು ಕಮಾನುಗಳನ್ನು ಕತ್ತು ಹೊರಳಿಸಿ ನೋಡುವ ಹುಡುಗಿ ಅವಳು.

ಸುವರ್ಣಾ ತನಗೆ ಬೇಕಾದ ಗಣಿತಕ್ಕೇ ಇಬ್ಬರ ಹೆಸರನ್ನೂ ಹಚ್ಚಿದಳು. "ಇತಿಹಾಸದ ಸೀಟು ತುಂಬ್ಯಾವ," ಎಂದು ಸುಳ್ಳು ಹೇಳಿದಳು.

ಸೌಭಾಗ್ಯ ಪಾಪ, ನಂಬಿದಳು. ತಿಳಿಯದ ಲೆಕ್ಕಗಳನ್ನೂ ಬಿಡದೆ ಬರೆದುಕೊಳ್ಳುತ್ತ ಹಣೆ ತಿಕ್ಕಿಕೊಳ್ಳುವಳು. ಅದನ್ನು ನೋಡುತ್ತ ಕೂತ ಸುವರ್ಣಾ ತನ್ನ ಬುತ್ತಿಯ ರೊಟ್ಟಿಯನ್ನು ಅವಳತ್ತ ಸರಿಸುವಳು. ಆದರೆ ನಿಜ ಹೇಳಲಿಲ್ಲ.

ಒಂದು ದಿನ ಟೀಚರ್ ಕ್ಲಾಸಿನಲ್ಲೇ ಕೇಳಿಬಿಟ್ಟರು: "ಸೌಭಾಗ್ಯ, ನಿನಗ ಇತಿಹಾಸ ಅಂದ್ರ ಜೀವ. ಅದಕ್ಕ ಇನ್ನೂ ಒಬ್ರೂ ಹೆಸರು ಹಚ್ಚಿಲ್ಲ. ಬದ್ಲಿ ಮಾಡ್ಲೇನು?"

ಸೌಭಾಗ್ಯ ಸುವರ್ಣಾಳ ಕಡೆ ಒಮ್ಮೆ ನೋಡಿದಳು. ಎಲ್ಲರ ಮುಂದೆ ಬೈದುಬಿಡಲಿ, ಸಾಕು ಅನಿಸಿತು ಸುವರ್ಣಾಳಿಗೆ.

"ಬ್ಯಾಡ್ರಿ ಟೀಚರ್," ಎಂದಳು ಸೌಭಾಗ್ಯ. "ಗಣಿತಾನ ಇರ್ಲಿ. ಇಬ್ರೂ ಕೂಡೇ ಆರಿಸೀವ್ರಿ."