ಹೊಗೆ ಕರಗುವ ತನಕ

ತೊಂಬತ್ತೇಳನೇ ಇಸವಿಯ ಮಾಗಿ. ನೊಣವಿನಕೆರೆಯ ತಿಮ್ಮಯ್ಯನ ಮನೆಯಲ್ಲಿ, ವರ್ಷವಿಡೀ ಅಟ್ಟದ ಮೇಲೆ ಒಣಗಿದ್ದ ಕಾಯಿಯನ್ನು ಇಳಿಸಿ ಸುಲಿಯುವ ಕೆಲಸ ನಡೆದಿತ್ತು. ಅಂಗಳದಲ್ಲಿ ನೆಟ್ಟ ಹಾರೆಗೆ ತಿಮ್ಮಯ್ಯ ಕಾಯಿ ಚುಚ್ಚಿ ಮಟ್ಟೆ ಬಿಡಿಸುತ್ತಿದ್ದ. ಮೊಮ್ಮಗಳು ಅನಿತಾ ಕೊಬ್ಬರಿಗೆ ಗಾಯವಾಗದಂತೆ ಚಿಪ್ಪು ಒಡೆದು ಉಂಡೆ ತೆಗೆಯುತ್ತಿದ್ದಳು. ತಿಪಟೂರಿನ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದವಳಿಗೆ ಮಾರನೇ ದಿನ ಗುರಿ ಹೊಡೆಯುವ ಪಂದ್ಯವಿತ್ತು. ಹುಡುಗಿಯರಲ್ಲಿ ಗೆದ್ದ ಒಬ್ಬಳಿಗೆ ಮಾತ್ರ ಬೆಂಗಳೂರಿನ ಶಿಬಿರ. ಆ ಒಬ್ಬಳು ತಾನಾಗಬೇಕೆಂದು ಅವಳು ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ಪಕ್ಕದ ತೋಟದ ದುರ್ಗಯ್ಯ ಜಗಲಿಯ ಮೇಲೆ ಎಲೆ ಮಡಿಸುತ್ತಾ, "ಹೆಣ್ಮಗ ಕೋವಿ ಹಿಡ್ದು ಏನ್ ಮಾಡ್ತದ್ಲಾ ತಿಮ್ಮ? ಗುಂಡು ಹಾರೋಕ್ಮುಂಚೆ ಅವಳೇ ಹಾರ್ಬುಡ್ತಾಳೆ" ಎಂದ.

"ಗೆದ್ರೆ?"

"ಗೆದ್ರೆ ನಿನ್ನಟ್ಟದಾಗೆ ಉಳಿದಿರೋ ಕಾಯೆಲ್ಲಾ ನಾನೇ ಸುಲೀತೀನಿ. ಆಳೂ ಬ್ಯಾಡ."

"ಕೇಳಿಸ್ತು ದುರ್ಗಯ್ಯ ಮಾವ, ನಾನೇ ಸಾಕ್ಷಿ!" ಒಳಗಿಂದ ಅನಿತಾಳ ತಾಯಿ ಶಾಂತಕುಮಾರಿ ಕೂಗಿದಳು. ದುರ್ಗಯ್ಯ ಹಾರೆ ಮುಟ್ಟಿ ಎಷ್ಟೋ ವರ್ಷವಾಗಿತ್ತು.

ತಿಮ್ಮಯ್ಯನದು ಅವನಪ್ಪನ ಕಾಲದ, ಲೈಸೆನ್ಸಿನ ಕೇಪಿನ ಕೋವಿ. ನಳಿಗೆಯ ಬಾಯಿಂದಲೇ ಮದ್ದು, ಚರೆ ತುಂಬಿ ಜಡಿಯಬೇಕು. ಎಳೆದೊಡನೆ ಹಾರುವ ಜಾತಿಯಲ್ಲ ಅದು. ಮೊದಲು ಚಟ್ ಎಂದು ಕೇಪು ಸಿಡಿಯುತ್ತದೆ, ಕಿಡಿ ಒಳಗಿನ ಮದ್ದಿಗೆ ತಗಲುತ್ತದೆ, ಆಮೇಲೆ ಢಂ, ಕಣ್ಣ ಮುಂದೆಲ್ಲಾ ಹೊಗೆ. ಆ ಚಟ್‌ಗೂ ಢಂಗೂ ನಡುವಿನ ಚೂರು ಹೊತ್ತಿನಲ್ಲಿ ತಲೆ ಎತ್ತಿದರೆ ಗುರಿ ಕೆಟ್ಟಂತೆ. ಬೇಲಿಗೆ ಚಿಪ್ಪು ಸಿಕ್ಕಿಸಿ ಮೊಮ್ಮಗಳಿಗೆ ಕಲಿಸುವಾಗ ತಿಮ್ಮಯ್ಯ ಹೇಳುತ್ತಿದ್ದದ್ದು ಒಂದೇ ಮಾತು: "ಹೊಗೆ ಕರಗೋಗಂಟ ಕದಲ್ಬ್ಯಾಡ ಮಗ."

ಮಾರನೇ ದಿನ ಮೈದಾನದಲ್ಲಿ ಹವಾಲ್ದಾರ್ ರೈಫಲ್ ಎತ್ತಿ ತೋರಿಸಿದರು. "ನಿಮ್ಮ ಊರಿನ ಕೋವಿಗೆ ನಳಿಗೆ ಒಳಗೆ ನುಣುಪು, ಚರೆ ಎರಚಿದ ರಾಗಿ ಹಾಗೆ ಚದುರುತ್ತೆ. ಇದಕ್ಕೆ ಒಳಗೆ ಸುರುಳಿ ಗೀರು ಕೊರೆದಿದೆ. ಗುಂಡು ಬುಗುರಿ ಹಾಗೆ ತಿರುಗ್ತಾ ನೆಟ್ಟಗೆ ಹೋಗುತ್ತೆ. ಜರ್ಮನಿ ಕಡೆಯವರು ನೂರಾರು ವರ್ಷದ ಹಿಂದೆ ಕಂಡುಕೊಂಡ ಉಪಾಯ. ಕೇಪಿಗೆ ದಾರಿ ಮಾಡಿದವನು ಯಾರು ಗೊತ್ತಾ? ಹಕ್ಕಿ ಹೊಡೆಯೋ ಹುಚ್ಚಿನ ಒಬ್ಬ ಪಾದ್ರಿ!" ಹುಡುಗಿಯರು ಕಿಸಕ್ಕೆಂದರು.

ಒಬ್ಬೊಬ್ಬರಿಗೆ ಐದು ಗುಂಡು. ಯಾರ ತೂತುಗಳು ಹತ್ತಿರ ಹತ್ತಿರ ಬೀಳುತ್ತವೋ ಅವರು ಗೆದ್ದಂತೆ. ಅನಿತಾ ಮಲಗಿ, ಉಸಿರು ಹಿಡಿದು ಒತ್ತಿದಳು. ಒತ್ತಿದೊಡನೆ ಸದ್ದು, ನಡುವೆ ಬಿಡುವೇ ಇಲ್ಲ, ಹೊಗೆಯೂ ಇಲ್ಲ. ಆದರೂ ಅವಳ ಕೆನ್ನೆ ರೈಫಲ್ಲಿನ ಹಿಡಿಯಿಂದ ಏಳಲಿಲ್ಲ. ಪಕ್ಕದವಳು ಪ್ರತಿ ಸಲವೂ ತಲೆ ಎತ್ತಿ ಗುರಿಹಲಗೆ ನೋಡುತ್ತಿದ್ದಳು.

"ನಿದ್ದೆ ಬಂತೇನಮ್ಮಾ? ಉಳಿದವರೆಲ್ಲಾ ಮುಗಿಸಿಯಾಯ್ತು!" ಹವಾಲ್ದಾರ್ ಕೂಗಿದರು.

ಮೂರು ಗುಂಡು ಬಾಕಿ. ಬೇಗ ಮುಗಿಸಿ ಏಳಲೇ ಎಂದು ಒಂದು ಗಳಿಗೆ ಅವಳ ಬೆರಳು ಚಡಪಡಿಸಿತು. ಇಲ್ಲ. ಇಲ್ಲದ ಹೊಗೆ ಕರಗುವ ತನಕ ಕಾದು ಕಾದು ಐದನ್ನೂ ಹೊಡೆದಳು.

ಗುರಿಹಲಗೆಯ ಕಾಗದ ಬಂತು. ಹವಾಲ್ದಾರ್ ಜೇಬಿನಿಂದ ಒಂದು ರೂಪಾಯಿಯ ನಾಣ್ಯ ತೆಗೆದು ಅದರ ಮೇಲಿಟ್ಟರು. ಐದೂ ತೂತು ಮುಚ್ಚಿಹೋದವು.

"ಯಾರಮ್ಮ ಕಲಿಸಿದ್ದು?"

"ನಮ್ಮ ತಾತ ಸಾರ್. ಕೇಪಿನ ಕೋವೀಲಿ."

ಹುಡುಗಿಯರು ಅವಳನ್ನು ಎತ್ತಿ ಕುಣಿಸಿದರು. ಸಂಜೆಯ ಬಸ್ಸು ಊರು ಮುಟ್ಟಿದಾಗ ತಿಮ್ಮಯ್ಯ ನಿಲ್ದಾಣದಲ್ಲೇ ಕಾಯುತ್ತಿದ್ದ. ಸಿಕ್ಕ ಸಿಕ್ಕವರಿಗೆಲ್ಲಾ ಹೊಗೆಯ ಕತೆ ಹೇಳಿಕೊಂಡೇ ಮನೆಗೆ ಬಂದ.

ಬೆಳಿಗ್ಗೆ ದುರ್ಗಯ್ಯ ಅಂಗೈಗೆ ಬಟ್ಟೆ ಸುತ್ತಿಕೊಂಡು ಹಾರೆಯ ಮುಂದೆ ನಿಂತ. ಎರಡು ದಿನ ಸುಲಿದ. ಕೈಯಲ್ಲಿ ಬೊಬ್ಬೆ ಎದ್ದವು, ಪಂಚೆಯೆಲ್ಲಾ ಕೆಂಪು ನಾರಾಯಿತು. ಶಾಂತಕುಮಾರಿ ಹೊತ್ತುಹೊತ್ತಿಗೆ ಕಾಫಿ ಕೊಟ್ಟಳು, ಅನಿತಾ ಉಂಡೆ ತೆಗೆದಳು, ತಿಮ್ಮಯ್ಯ ಜಗಲಿಯ ಮೇಲೆ ಕೂತು ಎಲೆ ಮಡಿಸಿದ.

ಕೊನೆಯ ಕಾಯಿ ಸುಲಿದ ದುರ್ಗಯ್ಯ ಹಾರೆಯ ಮೇಲೆ ಬಗ್ಗಿದವನು ಬಗ್ಗಿದಂತೆಯೇ ಇದ್ದ.

"ತೀರ್ತು ಕಣ್ಲಾ ನಿನ್ ಸಾಲ. ಇನ್ನೇನು, ಏಳು ಮ್ಯಾಕೆ!" ಎಂದ ತಿಮ್ಮಯ್ಯ.

ದುರ್ಗಯ್ಯ ಸೊಂಟ ಹಿಡಿದುಕೊಂಡು ನರಳಿದ. "ಇರ್ಲಾ... ಹೊಗೆ ಕರಗ್ಲಿ."