ಮಂತ್ರಿಗಾಗಿ ಸತ್ತ ಕಾಲಾಳುಗಳು

ಮಾಸ್ಕೋದ ನಮ್ಮ ಸಂಸ್ಥೆಯಲ್ಲಿ ಕಂಪ್ಯೂಟರಿಗೆ ಚದುರಂಗ ಕಲಿಸುತ್ತಿದ್ದವಳು ಝಿನಾಯಿದಾ ಅರ್ಕಾದ್ಯೆವ್ನಾ. ಅದು ಆರು ನಡೆ ಮುಂದಕ್ಕೆ ನೋಡುತ್ತಿತ್ತು. ಏಳನೆಯದು ಅದರ ಪಾಲಿಗೆ ಇಲ್ಲವೇ ಇಲ್ಲ. ಹಾಗಾಗಿ ಮಂತ್ರಿ ಸಿಕ್ಕಿಬಿದ್ದಾಗಲೆಲ್ಲ ಕಾಲಾಳುಗಳನ್ನು ಒಂದೊಂದಾಗಿ ಎದುರಾಳಿಯ ಬಾಯಿಗೆ ಹಾಕುತ್ತಿತ್ತು. ಅವನು ಅವನ್ನು ಹೊಡೆಯುವಷ್ಟರಲ್ಲಿ ಮಂತ್ರಿಯ ಸಾವು ಏಳನೆಯ ನಡೆಗೆ ಜಾರುತ್ತಿತ್ತು. ಕಣ್ಣಿಗೆ ಬೀಳದ ಸಾವು ಸಾವೇ ಅಲ್ಲವೆಂದು ಯಂತ್ರಕ್ಕೆ ನೆಮ್ಮದಿ. ಕೊನೆಗೆ ಕಾಲಾಳುಗಳೂ ಹೋಗಿ ಮಂತ್ರಿಯೂ ಹೋಗುತ್ತಿದ್ದ.

ಸಚಿವಾಲಯದಿಂದ ಪರಿಶೀಲನೆಗೆ ಬಂದ ಗುದ್ಕೋವ್ ಅವರ ಎದುರಿಗೇ ಹೀಗಾಯಿತು.

"ಇದೇನ್ರೀ, ಕಾಲಾಳೆಲ್ಲ ಹೋಗಿ ಹೋಗಿ ಸಾಯ್ತಿದಾವೆ?"

"ಮಂತ್ರಿಗೋಸ್ಕರ ಪ್ರಾಣ ಕೊಡ್ತಿದಾವೆ, ಕಾಮ್ರೇಡ್," ಎಂದುಬಿಟ್ಟರು ನಮ್ಮ ನಿರ್ದೇಶಕ ವೆನಿಯಮಿನ್ ಲ್ವೊವಿಚ್, ಬೆವರೊರೆಸಿಕೊಳ್ಳುತ್ತ.

ಗುದ್ಕೋವ್ ಗದ್ಗದಿತರಾದರು. "ಇಂಥ ನಿಷ್ಠೆ ನನ್ನ ಕಚೇರೀಲಿ ಒಬ್ಬನಿಗೂ ಇಲ್ಲ!"

ಝಿನಾಯಿದಾಗೆ ಮಾತ್ರ ಅವಮಾನವಾಯಿತು. ಚಳಿಗಾಲವಿಡೀ ಕೂತು ತಿದ್ದಿದಳು. ಕೆಲಸಕ್ಕೆ ಬಾರದ ನಡೆಗಳ ದಾರಿಗಳನ್ನು ಯಂತ್ರ ಮೊದಲೇ ಕಡಿದುಹಾಕಬೇಕು, ಉಳಿದ ಹೊತ್ತಿನಲ್ಲಿ ಹೊಡೆದಾಟವಿರುವ ಕಡೆ ಆರು ನಡೆ ದಾಟಿಯೂ ಗದ್ದಲ ಅಡಗುವವರೆಗೆ ನೋಡಬೇಕು, ಹಾಗೆ.

ವಸಂತದಲ್ಲಿ ಗುದ್ಕೋವ್ ಮತ್ತೆ ಬಂದರು. ಮಂತ್ರಿ ಮತ್ತೆ ಸಿಕ್ಕಿಬಿದ್ದ. ಇವನು ಉಳಿಯುವವನಲ್ಲವೆಂದು ಕಂಡುಕೊಂಡ ಯಂತ್ರ ಅವನನ್ನು ಒಂದು ಆನೆ, ಒಂದು ಕುದುರೆಗೆ ಬದಲಾಗಿ ಬಿಟ್ಟುಕೊಟ್ಟು, ಕಾಲಾಳುಗಳನ್ನು ಮುನ್ನಡೆಸಿ ಆಟ ಗೆದ್ದಿತು. ನಾವೆಲ್ಲ ಕುಣಿಯುವುದೊಂದು ಬಾಕಿ. ಗುದ್ಕೋವ್ ಅವರ ಮುಖ ಮಾತ್ರ ಗಂಟು.

"ಮಂತ್ರಿ ಸತ್ತ. ಒಂದು ಕಾಲಾಳಾದ್ರೂ ತಿರುಗಿ ನೋಡ್ತೇನ್ರೀ?"

"ಆದ್ರೂ ಗೆದ್ವಲ್ಲ," ಎಂದಳು ಝಿನಾಯಿದಾ.

"ಮಂತ್ರಿ ಇಲ್ದೇನೂ ಗೆಲ್ಲಬಹುದು ಅಂತ ಜನಕ್ಕೆ ಹೇಳಿಕೊಡ್ತೀಯೇನಮ್ಮ?"

ಅವರ ಕಾರು ಹೊರಟಿದ್ದೇ ತಡ, ನಿರ್ದೇಶಕರು ಓಡಿಬಂದರು. "ನಿಮ್ಮ ದಮ್ಮಯ್ಯ, ಝಿನಾಯಿದಾ ಅರ್ಕಾದ್ಯೆವ್ನಾ, ಅದನ್ನ ದಡ್ಡ ಮಾಡಿಬಿಡಿ."

"ಎಷ್ಟು ದಡ್ಡ?"

"ಸಚಿವಾಲಯಕ್ಕೆ ಅರ್ಥ ಆಗೋವಷ್ಟು."

ಅವಳು ನಕ್ಕಳು. ನಗುನಗುತ್ತಲೇ ಕಣ್ಣು ಒದ್ದೆಯಾಯಿತು. ಮುಖ ತೊಳೆದು ಬಂದು, ಹೇಳಿದಂತೆ ಮಾಡಿಕೊಟ್ಟಳು.

ಬೇಸಿಗೆಯಲ್ಲಿ ಬಲ್ಗೇರಿಯದ ಯಂತ್ರದೊಡನೆ ಪಂದ್ಯ. ನಮ್ಮ ಎಂಟು ಕಾಲಾಳುಗಳೂ ಸಾಲಾಗಿ ಹೋಗಿ ಬಿದ್ದವು, ಹಿಂದೆಯೇ ಮಂತ್ರಿ, ಆಮೇಲೆ ರಾಜ. ಗುದ್ಕೋವ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಎದ್ದ ಮೇಲೆ ಕೂರುವ ಧೈರ್ಯ ಯಾರಿಗಿದೆ? ಸಭಾಂಗಣವೆಲ್ಲ ಎದ್ದಿತು, ಝಿನಾಯಿದಾ ಕೂಡ. ಬಲ್ಗೇರಿಯದ ಅತಿಥಿ ಪಾಪ, ಹಲಗೆಯನ್ನೂ ನಮ್ಮನ್ನೂ ಎರಡೆರಡು ಸಲ ನೋಡಿ, ತಾನೇ ಸೋತಿರಬೇಕೆಂದು ನಮ್ಮ ನಿರ್ದೇಶಕರ ಕೈ ಕುಲುಕಿ ಅಭಿನಂದಿಸಿದ.